ತುರ್ಕಿ ಬುಕ್ಕಿನ ಪಾಲು

ಪಾಂಡವಪುರದ ನಮ್ಮ ಮನೆಯಲ್ಲಿ ಒಂದು ಕಡೆ ನೆಟ್ಟಗೆ ಕೂರುವವರು ಯಾರೂ ಇರಲಿಲ್ಲ. ಅಪ್ಪ ಕೊನೆಯ ತುತ್ತು ನುಂಗುವ ಮೊದಲೇ ಎದ್ದು ಕೈ ತೊಳೆದು, ಜಗುಲಿಗೆ ಹೋಗಿ ರಸ್ತೆಯ ಎರಡೂ ತುದಿ ನೋಡಿ, ಒಳಗೆ ಬಂದು ಗೂಟದಲ್ಲಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಎಲ್ಲಿಗೂ ಹೋಗದೆ ಮತ್ತೆ ಅದನ್ನು ಗೂಟಕ್ಕೇ ಸಿಕ್ಕಿಸುತ್ತಿದ್ದ. ಚಿಕ್ಕಪ್ಪ ರಾಮಣ್ಣ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದ. ಅಜ್ಜಿಗೆ ಕೊಟ್ಟಿಗೆಯಲ್ಲಿದ್ದರೆ ಸಾರಿನ ಚಿಂತೆ, ಒಲೆಯ ಮುಂದಿದ್ದರೆ ಎಮ್ಮೆಯ ಚಿಂತೆ. ಅವ್ವನ ಚಡಪಡಿಕೆ ಮಾತ್ರ ಹೊರಗೆ ಕಾಣುತ್ತಿರಲಿಲ್ಲ. ಮನೆಯಲ್ಲಿ ಮಾತು ಏರಿದಾಗ ಅವಳು ಬೆಳಗಿದ ಚೊಂಬನ್ನೇ ಇನ್ನೊಮ್ಮೆ ಬೆಳಗುತ್ತಿದ್ದಳು. ಇಷ್ಟು ಜನ ಒಟ್ಟಿಗೆ, ಒಂದೇ ಚಾಪೆಯ ಮೇಲೆ, ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದದ್ದು ಒಂದೇ ಕಾರಣಕ್ಕೆ. ತಾತ ಅಟ್ಟದಿಂದ ತುರ್ಕಿ ಬುಕ್ಕನ್ನು ಇಳಿಸಿದಾಗ.

ಅವು ಎರಡು ಪುಸ್ತಕ. ಒಂದೊಂದೂ ಊಟದ ಮಣೆಗಿಂತ ದೊಡ್ಡದು. ಕಂದು ಚರ್ಮದ ಹೊದಿಕೆ ಬತ್ತಿದ ಕೆರೆಯ ತಳದ ಮಣ್ಣಿನ ಹಾಗೆ ಬಿರಿದಿತ್ತು, ಬೆನ್ನಿನ ಮೇಲೆ ಬಂಗಾರದ ಅಕ್ಷರಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ತಾತ ತನ್ನ ಪ್ರಾಯದಲ್ಲಿ ಊರಾಚೆಯ ಬಂಗಲೆಯೊಂದರ ತೋಟ ನೋಡಿಕೊಂಡು, ಅಲ್ಲಿಗೆ ಹಾಲು ಕೊಡುತ್ತಿದ್ದ. ನಾಲೆಯ ಕೆಲಸಕ್ಕೆಂದು ಬಂದಿದ್ದ ಬಿಳಿಯ ಎಂಜಿನಿಯರೊಬ್ಬ ಅಲ್ಲಿದ್ದ. ಅವನು ದೇಶ ಬಿಟ್ಟು ಹೊರಡುವಾಗ, ಬೇಕಾದ್ದು ಎತ್ತಿಕೊಳ್ಳಿ ಎಂದನಂತೆ. ಕೆಲಸದವರು ಕುರ್ಚಿ, ಮಂಚ, ಕನ್ನಡಿ ಹೊತ್ತುಕೊಂಡು ಹೋದರು. ತಾತ ಮಾತ್ರ ಈ ಎರಡು ಪುಸ್ತಕಗಳನ್ನು ಕಂಬಳಿಯಲ್ಲಿ ಸುತ್ತಿ ಗಾಡಿಯಲ್ಲಿ ಹಾಕಿಕೊಂಡು ಬಂದ. ಆ ಕೋಪ ಅಜ್ಜಿಗೆ ಸಾಯುವತನಕ ಇತ್ತು.

"ಊರೋರೆಲ್ಲ ಕುರ್ಚಿ ತಂದ್ರು. ನಮ್ ಯಜಮಾನ್ರು ತುರ್ಕಿ ತಂದ್ರು. ಈಗ ಯಾರಾದ್ರೂ ಬಂದ್ರೆ ತುರ್ಕಿ ಮ್ಯಾಲೆ ಕೂರ್ಸೋದಾ?"

ಪುಸ್ತಕದ ಅಕ್ಷರ ನಮಗೆ ಯಾರಿಗೂ ಬರುತ್ತಿರಲಿಲ್ಲ. ಹೈಸ್ಕೂಲಿನ ಮೇಷ್ಟ್ರೊಬ್ಬರು ಒಮ್ಮೆ ಬಂದು ನೋಡಿ, ಇದು ಇಂಗ್ಲಿಷಲ್ಲ, ಫ್ರೆಂಚು, ಆಟೊಮನ್ ಸುಲ್ತಾನರ ಕಾಲದ ಇಸ್ತಾಂಬುಲ್ ಪಟ್ಟಣದ ಚಿತ್ರಗಳು ಎಂದು ಹೇಳಿ ಹೋದರು. ಅಷ್ಟು ಸಾಕಾಯಿತು. ಮಿಕ್ಕಿದ್ದನ್ನು ನಾವೇ ಹೇಳಿಕೊಂಡೆವು. ಪ್ರತಿ ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಹಾಳೆ. ಅದನ್ನು ತಾತ ಮಾತ್ರ ಎತ್ತಬೇಕು. ಕೈ ತೊಳೆದು, ಒರೆಸಿ, ತೋರಿಸಿ, ಆಮೇಲೆ ಕೂರಬೇಕು. ಮೊದಲ ಪುಸ್ತಕದ ತುಂಬ ಊರು: ನೀರಿನ ಅಂಚಿನಲ್ಲಿ ಗುಮ್ಮಟಗಳು, ಮುಗಿಲಿಗೆ ಚುಚ್ಚಿದ ಮಿನಾರುಗಳು, ಹಡಗುಕಟ್ಟೆ, ಛಾವಣಿ ಹಾಕಿದ ಸಂತೆ. ಎರಡನೆಯದರ ತುಂಬ ಜನ: ತಲೆಗಿಂತ ದೊಡ್ಡ ಪೇಟದ ಸುಲ್ತಾನ, ತಟ್ಟೆ ಹೊತ್ತ ಮಿಠಾಯಿಯವನು, ಬಿಳಿ ಲಂಗ ಹರಡಿಕೊಂಡು ಸುತ್ತುವ ಸಾಧುಗಳು, ಚೂಪು ಮೂತಿಯ ದೋಣಿಯಲ್ಲಿ ಮುಸುಕು ಹಾಕಿ ಕುಳಿತ ಹೆಂಗಸರು. ಅಚ್ಚಾದ ಗೆರೆಗಳ ಮೇಲೆ ಯಾರೋ ಕುಂಚ ಹಿಡಿದು ಕೈಯಿಂದಲೇ ಬಣ್ಣ ತುಂಬಿದ್ದರು. ಕೆಲವು ಕಡೆ ಬಣ್ಣ ಗೆರೆ ದಾಟಿತ್ತು. ಅಪ್ಪ ಅಂಥ ಜಾಗಗಳನ್ನೇ ಹುಡುಕಿ ನನಗೆ ತೋರಿಸುತ್ತಿದ್ದ.

"ನೋಡಮ್ಮಿ, ಇಲ್ಲಿ ಅವ್ನ ಕೈ ನಡುಗೈತೆ. ಯಾರೋ ಕೂಗಿರ್ಬೇಕು, ಊಟಕ್ಕೆ ಬಾ ಅಂತ."

ಅಜ್ಜಿ ಎಷ್ಟು ಬೈದರೂ ಚಾಪೆಯ ಮುಂದಿನ ಸಾಲು ಅವಳದೇ. ಕಾಫಿ ಅಂಗಡಿಯ ಚಿತ್ರ ಬಂದರೆ, ಇಷ್ಟು ಸಣ್ಣ ಬಟ್ಟಲಲ್ಲಿ ಕಾಫಿ ಕೊಡುವವರು ಎಂಥ ಜಿಪುಣರು ಎಂದು ಮೂಗು ಮುರಿಯುತ್ತಿದ್ದಳು. ಸುತ್ತುವ ಸಾಧುಗಳನ್ನು ಕಂಡು, ಇವರಿಗೆ ತಲೆ ತಿರುಗುವುದಿಲ್ಲವೇ ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಅವ್ವ ನಾಗಮಂಗಲದ ಆಚೆ ದೇವಲಾಪುರದವಳು. ರಾಗಿ ಹೊಲಕ್ಕೆ ಮಳೆ ಕಾಯುತ್ತ ಬೆಳೆದವಳಿಗೆ ಆ ದೋಣಿಯ ಸುತ್ತಲಿನ ನೀರು ಕಂಡಾಗ ಕಣ್ಣು ಕೀಳಲಾಗುತ್ತಿರಲಿಲ್ಲ. ಒಮ್ಮೆ ಅವಳು ಮೆಲ್ಲಗೆ, ಇಷ್ಟೊಂದು ನೀರು ಇಟ್ಟುಕೊಂಡೂ ಇವರ ಕಣ್ಣಲ್ಲಿ ನಗು ಯಾಕಿಲ್ಲ ಎಂದಳು. ಮಹಾನವಮಿಯ ದಿನ ಕುಡುಗೋಲು, ನೇಗಿಲು, ನನ್ನ ಸ್ಲೇಟಿನ ಜೊತೆ ತುರ್ಕಿ ಬುಕ್ಕನ್ನೂ ಪೂಜೆಗೆ ಇಡುತ್ತಿದ್ದರು. ಒಂದು ವರ್ಷ ಅಜ್ಜಿ ಎರಡರ ಮೇಲೂ ಅರಿಶಿನ ಕುಂಕುಮ ಇಟ್ಟುಬಿಟ್ಟಳು. ಅಪ್ಪ ರೇಗಿದ, ಚಿಕ್ಕಪ್ಪ ಒದ್ದೆ ಬಟ್ಟೆಯಿಂದ ಒರೆಸಲು ಹೋಗಿ ಕಲೆಯನ್ನು ಇನ್ನಷ್ಟು ಹರಡಿದ, ತಾತ ನಕ್ಕುಬಿಟ್ಟ.

ಆ ಪುಸ್ತಕ ಅಪ್ಪನ ಕಾಲಿಗೆ ಚಕ್ರ ಕಟ್ಟಿತ್ತು. ಕಬ್ಬಿಗೆ ನೀರು ಕಟ್ಟಿ ಬಂದವನು ಇದ್ದಕ್ಕಿದ್ದಂತೆ ಅಂಗಿ ಬದಲಿಸಿ, ನನ್ನನ್ನೂ ಕರೆದುಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತುತ್ತಿದ್ದ. ಅಲ್ಲಿ ನಮಗೆ ಯಾವ ಕೆಲಸವೂ ಇರುತ್ತಿರಲಿಲ್ಲ. ಕೋಟೆಯೊಳಗಿನ ಮಸೀದಿಯ ಎದುರು ನಿಂತು, ಎರಡು ಮಿನಾರುಗಳನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆಮೇಲೆ ಗುಂಬಜ್. ಆಮೇಲೆ ಹೊಳೆಯ ಮೆಟ್ಟಿಲು.

"ಇದು ಅದ್ರ ಮರಿ ಕಣಮ್ಮಿ. ಅಲ್ಲಿ ಇಂಥವು ಹೊಳೆ ಉದ್ದಕ್ಕೂ ನಿಂತವೆ. ಹಡಗು ಹತ್ತಿದ್ರೆ ಸೀದಾ ಹೋಗ್ಬೋದು."

"ಯಾವಾಗ ಹೋಗಾದು ಅಪ್ಪಾ?"

"ಹೋಗಾದೇ," ಎನ್ನುತ್ತಿದ್ದ. ಯಾವಾಗ ಎಂದು ಹೇಳುತ್ತಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯಿಂದ ಹಿಂದಕ್ಕೇ ನೋಡುತ್ತಿದ್ದ. ಮನೆ ಹತ್ತಿರವಾದಂತೆ ಅವನ ಬೆರಳುಗಳು ಮುಂದಿನ ಸೀಟಿನ ಕಂಬಿಯನ್ನು ಬಡಿಯಲು ಶುರುಮಾಡುತ್ತಿದ್ದವು. ನನಗೂ ಹಾಗೇ, ಇಳಿಯುವ ಸ್ಟಾಪು ಬಂದರೂ ಸೀಟಿನಿಂದ ಏಳುತ್ತಿರಲಿಲ್ಲ. ಇನ್ನೊಂದು ಊರಿದೆ ಎಂದು ತಿಳಿದ ಮೇಲೆ ನಮ್ಮ ಊರು ಮೊದಲಿನಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ.

ತಾತ ತೀರಿಕೊಂಡ ಮೇಲೆ ಮನೆ ಪಾಲಾಯಿತು. ನಾಲ್ಕು ಜನ ಹಿರಿಯರು ಪಡಸಾಲೆಯಲ್ಲಿ ಕುಳಿತು ಗದ್ದೆ, ಹಿತ್ತಲು, ಎಮ್ಮೆ, ಹಂಡೆ, ಕೊಪ್ಪರಿಗೆ ಎಲ್ಲವನ್ನೂ ಬೇರೆ ಮಾಡಿದರು. ಅಲ್ಲಿಯತನಕ ಅಣ್ಣತಮ್ಮಂದಿರಲ್ಲಿ ಒಂದು ಸೊಲ್ಲೂ ಹೊರಡಲಿಲ್ಲ. ಕೊನೆಗೆ ಅಜ್ಜಿ, ಅಟ್ಟದ ಮೇಲೆ ಅದೊಂದು ಉಳಿಯಿತು ಎಂದಳು. ಅಪ್ಪ ಕೂಡಲೇ, ಅದು ಎರಡೂ ನನಗಿರಲಿ, ಬೇಕಾದರೆ ಹಿತ್ತಲು ಅವನೇ ತೆಗೆದುಕೊಳ್ಳಲಿ ಎಂದ. ಚಿಕ್ಕಪ್ಪ ಎದ್ದು ನಿಂತ.

"ಯಾಕೆ, ನಂಗೆ ಕಣ್ಣಿಲ್ವಾ? ನಾನೂ ಅಪ್ಪನ ಪಕ್ಕ ಕುಂತೇ ನೋಡಿವ್ನಿ."

"ನೀನು ಅಕ್ಕಿ ಮಿಲ್ಲಲ್ಲಿ ಲೆಕ್ಕ ಬರಿಯೋನು ಕಣ್ಲಾ. ಅದ್ನ ತಕ್ಕಂಡು ಏನ್ ಮಾಡೀಯ?"

"ನೀನೇನ್ ತುರ್ಕಿಗೆ ಹೋಗ್ಬಂದಿದೀಯಾ? ಹುಟ್ದಾಗಿಂದ ಹೊಂಡ್ತೀನಿ ಹೊಂಡ್ತೀನಿ ಅಂತೀಯ. ಮೈಸೂರು ದಾಟಿಲ್ಲ!"

ಅಪ್ಪನ ಮುಖ ಕಪ್ಪಿಟ್ಟಿತು. ಅದು ನಿಜವಾಗಿತ್ತು, ಅದಕ್ಕೇ ಅಷ್ಟು ನಾಟಿತು. ಹಿರಿಯರಲ್ಲೊಬ್ಬರು ಸಮಾಧಾನ ಮಾಡಲೆಂದು, ಎರಡಿದೆಯಲ್ಲ, ಒಂದೊಂದು ತೆಗೆದುಕೊಳ್ಳಿ ಎಂದರು. ಊರು ಅಪ್ಪನಿಗೆ ಬಂತು, ಜನ ಚಿಕ್ಕಪ್ಪನಿಗೆ ಹೋದರು. ಅದೇ ವಾರ ಚಿಕ್ಕಪ್ಪ ಚಿಕ್ಕವ್ವನನ್ನು ಕರೆದುಕೊಂಡು ಕೆ.ಆರ್. ಪೇಟೆಗೆ ಹೊರಟುಹೋದ. ಅವಳ ತವರು ಅಲ್ಲೇ ಹತ್ತಿರದ ಮಾಕವಳ್ಳಿ. ಮಿಲ್ಲಿನ ಕೆಲಸವೂ ಅಲ್ಲೇ ಸಿಕ್ಕಿತು. ಅಣ್ಣತಮ್ಮಂದಿರು ಮಾತು ಬಿಟ್ಟರು. ಪಿತೃಪಕ್ಷದಲ್ಲಿ ತಾತನಿಗೆ ಎಡೆ ಇಡುವುದೂ ಎರಡು ಊರಲ್ಲಿ ಬೇರೆಬೇರೆಯಾಯಿತು. ಅಜ್ಜಿ ಇಲ್ಲೊಂದಷ್ಟು ದಿನ, ಅಲ್ಲೊಂದಷ್ಟು ದಿನ ಎಂದು ಬಸ್ಸಿನಲ್ಲೇ ಬದುಕಿದಳು.

ನಮ್ಮ ಪಾಲಿನ ಪುಸ್ತಕದಲ್ಲಿ ಈಗ ಜನರೇ ಇರಲಿಲ್ಲ. ಮೊದಲೂ ದೂರದಲ್ಲಿ ಚುಕ್ಕೆಯಂಥ ಜನರಿದ್ದರು. ಆದರೆ ಅವರ ಮುಖಗಳನ್ನು ನಾವು ಎರಡನೆಯ ಪುಸ್ತಕದಲ್ಲಿ ನೋಡುತ್ತಿದ್ದೆವು. ಈಗ ಹಡಗುಕಟ್ಟೆ ಬಿಕೋ ಎನ್ನುತ್ತಿತ್ತು. ಅಪ್ಪನಿಗೆ ಅದು ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಮಿಠಾಯಿಯವನ ಪೇಟ ಯಾವ ಬಣ್ಣದ್ದು ಎಂದು ಅವನಿಗೂ ಅಜ್ಜಿಗೂ ವಾದ ಹತ್ತಿತು. ಅಪ್ಪ ಹಸಿರು ಎಂದ, ಅಜ್ಜಿ ಕೆಂಪು ಎಂದಳು. ನಾನು ಒಲೆಯಿಂದ ಇದ್ದಿಲು ತಂದು, ಚಿಕ್ಕಪ್ಪ ಮಲಗುತ್ತಿದ್ದ ಕಡೆಯ ಸುಣ್ಣದ ಗೋಡೆಯ ಮೇಲೆ ಆ ಮಿಠಾಯಿಯವನನ್ನು ಬರೆದೆ. ಹೊಡೆತ ಬೀಳುತ್ತದೆ ಎಂದುಕೊಂಡಿದ್ದೆ. ಅಪ್ಪ ಹತ್ತಿರ ಬಂದು ಬಹಳ ಹೊತ್ತು ನೋಡಿದ.

"ಕೈ ಇಂಗಿರ್ನಿಲ್ಲ. ತಟ್ಟೆ ಭಾರ ಇತ್ತು. ಭಾರ ಹೊತ್ತೋನು ಹೆಂಗೆ ನಿಲ್ತಾನೆ, ನೋಡಿ ಬರಿ."

ಮಾರನೆಯ ದಿನ ನಾನು ರಸ್ತೆಯಲ್ಲಿ ಮಂಕರಿ ಹೊತ್ತು ಹೋಗುವವರ ಹಿಂದೆ ಹಿಂದೆ ನಡೆದೆ. ಅಳಿಸಿದೆ, ಬರೆದೆ. ಆ ಗೋಡೆ ತುಂಬಿತು, ಪಕ್ಕದ ಗೋಡೆಗೂ ಹಬ್ಬಿತು. ಸುಲ್ತಾನ, ಸಾಧುಗಳು, ಕಾಫಿ ಅಂಗಡಿಯವನು. ಯಾವ ಚಿತ್ರವೂ ಯಾರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ತುರ್ಕಿ. ಶಾಲೆಯಲ್ಲಿ ಕೂತರೂ ನನ್ನ ಬೆರಳು ಬೆಂಚಿನ ಮೇಲೆ ಗೆರೆ ಎಳೆಯುತ್ತಿತ್ತು. ಮುಂದೆ ಬದುಕಿಡೀ ನಾನು ಮಾಡಿದ ಡ್ರಾಯಿಂಗ್ ಮೇಡಂ ಕೆಲಸಕ್ಕೆ ತರಬೇತಿ ಅಲ್ಲಿ, ಆ ಖಾಲಿ ಅರ್ಧ ಮನೆಯಲ್ಲಿ, ಅಪ್ಪನ "ಇಂಗಲ್ಲ, ಇಂಗಲ್ಲ" ಎಂಬ ಮಾತಿನ ನಡುವೆ ಆಯಿತು.

ಹೀಗಿರುವಾಗ ಅಜ್ಜಿ ಕೆ.ಆರ್. ಪೇಟೆಯಿಂದ ಬಂದವಳು ಗಂಟನ್ನೂ ಇಳಿಸದೆ ಅಡುಗೆಮನೆಗೆ ಹೋಗಿ ಅವ್ವನ ಪಕ್ಕ ಕುಕ್ಕರಿಸಿದಳು. ಅಪ್ಪ ಗದ್ದೆಗೆ ಹೋಗಿದ್ದ.

"ರಾಮ ಅದ್ನ ಮಾರ್ಬುಡ್ತಾವ್ನೆ ಕಣವ್ವ. ಮೈಸೂರಿಂದ ಒಬ್ಬ ಯಾಪಾರಿ ನಾಳೆ ಬತ್ತಾನಂತೆ. ಬುಕ್ಕು ಬುಕ್ಕಾಗಿ ಇಕ್ಕಾಕಿಲ್ವಂತೆ ಅವ್ನು. ಒಂದೊಂದೇ ಚಿತ್ರ ಕುಯ್ದು, ಗಾಜಿನ ಕಟ್ಟಾಕಿ, ದೊಡ್ಡ ದೊಡ್ಡ ಹೋಟ್ಲಿಗೆ ಮಾರ್ತಾನಂತೆ."

"ಕುಯ್ದಾ?" ಅವ್ವ ಅಷ್ಟೇ ಕೇಳಿದ್ದು. ಅಂದು ಅಪ್ಪನಿಗೆ ಈ ವಿಷಯ ಯಾರೂ ಹೇಳಲಿಲ್ಲ. ಹೇಳಿದರೆ ಅವನು ಕೊಡಲಿ ಹಿಡಿದೇ ಹೊರಡುತ್ತಾನೆ ಎಂದು ಅಜ್ಜಿ ಹೆದರಿದ್ದಳು. ಮಾರನೆಯ ಬೆಳಿಗ್ಗೆ ಅಪ್ಪ ನಾಲೆಯ ಕಡೆ ಹೋದ ಕೂಡಲೇ ಅವ್ವ ಅಟ್ಟಕ್ಕೆ ಏಣಿ ಇಟ್ಟಳು. ನಮ್ಮ ಪುಸ್ತಕವನ್ನು ಕೆಳಗಿಳಿಸಿ, ತನ್ನ ಮದುವೆಯ ಸೀರೆಯಲ್ಲಿ ಸುತ್ತಿ, ಸೊಂಟಕ್ಕೆ ಇಟ್ಟುಕೊಂಡು, ನನ್ನ ಕೈ ಹಿಡಿದಳು. ಎಲ್ಲಿಗೆ ಎಂದು ಕೇಳಿದರೆ ಬಾ ಎಂದಳು. ಅವಳು ಅಷ್ಟು ಬೇಗ ನಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಚಿನಕುರಳಿ ದಾಟುವತನಕ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಡಕ್ಟರು ಗಂಟು ಕೆಳಗಿಡಿ ಎಂದು ಎಷ್ಟು ಹೇಳಿದರೂ ಅವ್ವ ಅದನ್ನು ನೆಲಕ್ಕೆ ಇಡಲಿಲ್ಲ.

ಚಿಕ್ಕಪ್ಪನ ಬಾಡಿಗೆ ಮನೆಯ ಬಾಗಿಲು ತೆರೆದಿತ್ತು. ಒಳಗೆ ಮೇಜಿನ ಮೇಲೆ ನಮ್ಮ ಜನರ ಪುಸ್ತಕ ಬಿಚ್ಚಿಕೊಂಡಿತ್ತು. ಬಿಳಿ ಅಂಗಿಯ, ಸಭ್ಯ ಮುಖದ ವ್ಯಾಪಾರಿ ಅದರ ಮೇಲೆ ಬಗ್ಗಿ, ಉಕ್ಕಿನ ಪಟ್ಟಿ ಇಟ್ಟು, ಬ್ಲೇಡಿನಿಂದ ಬುಡದ ಉದ್ದಕ್ಕೂ ಎಳೆಯುತ್ತಿದ್ದ. ಸದ್ದೇ ಇರಲಿಲ್ಲ. ದೋಣಿಯ ಹೆಂಗಸರು ಹಾಳೆಯ ಸಮೇತ ಅವನ ಕೈಗೆ ಬಂದರು. ಅವನು ಅವರನ್ನು ಪಕ್ಕದ ಕಾಗದದ ಮೇಲೆ ಮಲಗಿಸಿದ. ಅಲ್ಲಿ ಮಿಠಾಯಿಯವನೂ ಸಾಧುಗಳೂ ಆಗಲೇ ಮಲಗಿದ್ದರು. ಚಿಕ್ಕಪ್ಪ ಆ ಕಡೆ ನೋಡದೆ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದ. ವ್ಯಾಪಾರಿ ಮುಂದಿನ ಹಾಳೆ ಮಗುಚಿ ಪಟ್ಟಿ ಇಟ್ಟ. ಅವ್ವ ಸೀದಾ ಹೋಗಿ, ಸೀರೆ ಬಿಚ್ಚಿ, ನಮ್ಮ ಪುಸ್ತಕವನ್ನು ಆ ತೆರೆದ ಪುಸ್ತಕದ ಮೇಲೆ, ಅವನ ಪಟ್ಟಿಯ ಮೇಲೆಯೇ ಇಟ್ಟುಬಿಟ್ಟಳು. ಅವನು ಕೈ ಎಳೆದುಕೊಂಡ.

"ಕುಯ್ಯೋದಾದ್ರೆ ಇದ್ನೂ ಕುಯ್ರಿ."

ಚಿಕ್ಕಪ್ಪ ತಿರುಗಿದ. "ಅತ್ಗೆ, ಇದೇನಿದು? ಅಣ್ಣ ಕಳಿಸಿದ್ನಾ?"

"ನಿಮ್ಮಣ್ಣನಿಗೆ ಗೊತ್ತಿಲ್ಲ. ಎರಡೂ ನಿನ್ ತಾವೇ ಇರ್ಲಿ ರಾಮಣ್ಣ. ನಮ್ ಪಾಲೂ ನಿಂಗೇ. ಕುಯ್ಯಬ್ಯಾಡ, ಅಷ್ಟೇಯ."

ಚಿಕ್ಕಪ್ಪನಿಗೆ ಮೊದಲು ಕೋಪ ಬಂತು. ಇದು ತನ್ನ ಪಾಲಿನದು, ತಾನು ಏನಾದರೂ ಮಾಡಿಕೊಳ್ಳುತ್ತೇನೆ ಎಂದು ಕೂಗಿದ. ಆಮೇಲೆ ಅವನ ದನಿ ಒಡೆಯಿತು.

"ದುಡ್ಡಿಗಲ್ಲ ಅತ್ಗೆ. ಅದ್ನ ತೆಗೆದ್ರೆ ಸಾಕು, ಪಕ್ಕದಲ್ಲಿ ಅಣ್ಣ ಕುಂತಂಗಾಯ್ತದೆ. ಅವತ್ತು ನಾನಾಡಿದ್ ಮಾತು ಕಿವೀಲಿ ಕೇಳ್ತದೆ. ಮನೇಲಿ ಇಟ್ಕಣಾಕಾಯ್ತಿಲ್ಲ. ಹೋದ್ರೆ ಹೋಗ್ಲಿ ಅಂದ್ಬುಟ್ಟೆ."

ವ್ಯಾಪಾರಿ ಜಗಳ ಮಾಡಲಿಲ್ಲ. ಕತ್ತರಿಸಿದ್ದಕ್ಕೆ ಮಾತಾಗಿದೆ, ಅದನ್ನು ನಾನು ಒಯ್ಯುತ್ತೇನೆ ಎಂದ. ಚಿಕ್ಕಪ್ಪ ತಡೆದರೂ ಕೇಳದೆ ಮೂರು ಹಾಳೆಗಳನ್ನು ರಟ್ಟುಗಳ ನಡುವೆ ಇಟ್ಟು ಕಟ್ಟಿ, ನಮಸ್ಕಾರ ಹೇಳಿ ಹೋದ. ಅವನು ಗೇಟು ದಾಟುವತನಕ ನಾನು ಆ ರಟ್ಟನ್ನೇ ನೋಡುತ್ತಿದ್ದೆ. ಅವ್ವ ನೀರನ್ನೂ ಕುಡಿಯದೆ ಹೊರಟಳು. ನಮ್ಮ ಪುಸ್ತಕ ಅಲ್ಲೇ ಉಳಿಯಿತು.

ಅಪ್ಪ ಊಟಕ್ಕೆ ಕುಳಿತಾಗ ಅವ್ವ ಎಲ್ಲವನ್ನೂ ಹೇಳಿದಳು. ಮುದ್ದೆಯ ತಟ್ಟೆಯನ್ನು ಮುಂದೆ ಇಟ್ಟ ಮೇಲೆ, ನಿಂತುಕೊಂಡೇ, ಒಂದೂ ಬಿಡದೆ. ಅಪ್ಪ ತಟ್ಟೆಯನ್ನು ದೂರ ತಳ್ಳಿದ. ಹೊಡೆಯಲಿಲ್ಲ, ಬೈಯಲಿಲ್ಲ. ಖಾಲಿ ಅಟ್ಟವನ್ನು ಹತ್ತಿ ನೋಡಿ ಬಂದ. ಗೋಡೆಯ ಮೇಲಿದ್ದ ನನ್ನ ಚಿತ್ರಗಳ ಮುಂದೆ ಅತ್ತಿಂದಿತ್ತ ತಿರುಗಾಡಿದ. ಕೊನೆಗೆ ಗೂಟದಿಂದ ಟವೆಲು ತೆಗೆದು, ಈ ಸಲ ಮತ್ತೆ ಸಿಕ್ಕಿಸದೆ, ಅವ್ವನ ಕಡೆ ತಿರುಗಿದ.

"ಹೊರಡು. ನೀನೇ ಕೊಟ್ಟಿರಾದು, ನೀನೇ ಬಂದು ಈಸ್ಕೊಡು. ನಾನು ಅವ್ನ ಹೊಸಲು ತುಳಿಯಾಕಿಲ್ಲ."

ಮತ್ತೆ ಅದೇ ರಸ್ತೆ, ಅದೇ ಬಸ್ಸು. ಅಪ್ಪ ಮುಂದೆ, ನಾನೂ ಅವ್ವನೂ ಹಿಂದೆ. ಕೆ.ಆರ್. ಪೇಟೆಯಲ್ಲಿ ಅವನು ಹೇಳಿದಂತೆಯೇ ಚಿಕ್ಕಪ್ಪನ ಮನೆಯ ಎದುರು, ರಸ್ತೆಯ ಆಚೆ, ಹೊಂಗೆ ಮರದ ಕೆಳಗೆ ನಿಂತುಬಿಟ್ಟ. ಅವ್ವ ಒಳಗೆ ಹೋದಳು. ಯಾರ ಜೊತೆ ಇರಬೇಕೆಂದು ತಿಳಿಯದೆ ನಾನು ರಸ್ತೆಯ ನಡುವೆ ನಿಂತೆ; ಸೈಕಲ್ಲಿನವನೊಬ್ಬ ಬೈದು ಹೋದ. ಬಾಗಿಲಲ್ಲಿ ಚಿಕ್ಕಪ್ಪ ಕಾಣಿಸಿಕೊಂಡ. ಎರಡೂ ಪುಸ್ತಕಗಳನ್ನು ತೋಳುಗಳ ಮೇಲೆ ಹೊತ್ತಿದ್ದ, ಮಗುವನ್ನು ಎತ್ತಿಕೊಂಡವನ ಹಾಗೆ. ರಸ್ತೆ ದಾಟಿ ಬಂದು ಅಪ್ಪನ ಮುಂದೆ ಕಲ್ಲುಬೆಂಚಿನ ಮೇಲೆ ಇಟ್ಟ. ನಮ್ಮದನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ತೆರೆದು, ಕತ್ತರಿಸಿದ ಜಾಗ ತೋರಿಸಿದ. ಬುಡದಲ್ಲಿ ಬೆರಳಗಲದ ಪಟ್ಟಿ ಉಳಿದಿತ್ತು. ಒಂದು ಪಟ್ಟಿಯ ಅಂಚಿಗೆ ಗೆರೆ ದಾಟಿದ ನೀಲಿ ಬಣ್ಣ ಸ್ವಲ್ಪ ಅಂಟಿಕೊಂಡಿತ್ತು.

"ಕುಯ್ಯಾಕೆ ಬುಟ್ಬುಟ್ಟೆ ಅಣ್ಣ. ಹೊಡಿ ಬೇಕಾದ್ರೆ. ಎರಡೂ ತಕ್ಕಂಡೋಗು."

ಅಪ್ಪ ಆ ನೀಲಿಯ ಮೇಲೆ ಬೆರಳಿಟ್ಟ. ಪಾಲಾದ ದಿನದಿಂದ ತಮ್ಮನೊಡನೆ ಆಡದಿದ್ದವನು, ತಲೆ ಎತ್ತದೆ ಕೇಳಿದ.

"ಇಲ್ಲೇನಿತ್ತು?"

"ದೋಣಿ. ಹೆಂಗುಸ್ರಿದ್ರಲ್ಲ, ಆ ದೋಣಿ."

"ಮುಂದ್ಗಡೆ ಕುಂತಿದ್ದೋಳು ಛತ್ರಿ ಹಿಡಿದಿದ್ಲು."

"ಛತ್ರಿ ಅಲ್ಲ ಕಣಣ್ಣ. ಬೀಸಣಿಗೆ."

"ಬೀಸಣಿಗೆ ಎಲ್ಲಿ ಬಂತ್ಲಾ? ಬಿಸ್ಲಲ್ಲಿ ಹೋಯ್ತಾವ್ರೆ, ಬೀಸಣಿಗೆ ಹಿಡೀತಾರಾ? ಪೇಪರ್ ತತ್ತಾ. ಈ ಹುಡುಗಿ ಬರೀತಾಳೆ."

ಚಿಕ್ಕಪ್ಪ ಒಳಗೆ ಓಡಿ, ಕಾಗದ ಎಲ್ಲಿದೆ ಎಂದು ಹುಡುಕುತ್ತ ಅಲ್ಲಿಂದಲೇ ಬೀಸಣಿಗೆ, ಬೀಸಣಿಗೆ ಎಂದು ಕೂಗಿದ. ಅಪ್ಪ ಪುಸ್ತಕಗಳನ್ನು ಎತ್ತಿಕೊಂಡು, ಛತ್ರಿ ಎಂದು ತಿರುಗಿ ಕೂಗುತ್ತ ಅವನ ಹಿಂದೆಯೇ ಒಳಗೆ ಹೋದ. ಹೊಸಲು ದಾಟಿದ್ದು ಅವನ ಗಮನಕ್ಕೆ ಬರಲೇ ಇಲ್ಲ. ನನ್ನನ್ನು ಮೇಜಿನ ಮುಂದೆ ಕೂರಿಸಿದರು. ನಾನು ದೋಣಿಯ ಮೂತಿ ಎಳೆದೆ. ಹೆಚ್ಚು ಚೂಪಾಯಿತು ಎಂದು ಒಬ್ಬ, ಸಾಲದು ಎಂದು ಇನ್ನೊಬ್ಬ. ಮುಸುಕಿನ ಮಡಿಕೆಗೆ ಜಗಳ, ಹುಟ್ಟು ಹಾಕುವವನ ಮೀಸೆಗೆ ಜಗಳ. ತಾತ ಈ ಚಿತ್ರ ತೆಗೆದಾಗ ಏನು ಹೇಳುತ್ತಿದ್ದ ಎಂಬುದಕ್ಕೆ ಎಲ್ಲಕ್ಕಿಂತ ದೊಡ್ಡ ಜಗಳ. ಅಪ್ಪ ಮೇಜು ಗುದ್ದಿದ. ಚಿಕ್ಕಪ್ಪ ಕುರ್ಚಿ ತಳ್ಳಿ ಎದ್ದ. ಇಬ್ಬರ ಎಂಜಲೂ ನನ್ನ ಕಾಗದದ ಮೇಲೆ ಹಾರುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಚಿಕ್ಕವ್ವ ಸೆರಗು ಬಾಯಿಗಿಟ್ಟು ನಿಂತಿದ್ದಳು.

"ಅಕ್ಕ, ಮತ್ತೆ ಶುರು ಹಚ್ಕಂಡ್ರಲ್ಲ! ಬಂದು ಬುಡ್ಸಕ್ಕ."

ಅವ್ವ ಬೆಳಿಗ್ಗೆಯಿಂದ ಮೂರು ಸಲ ಬಸ್ಸು ಹತ್ತಿ ಇಳಿದಿದ್ದಳು, ಒಂದು ತುತ್ತೂ ತಿಂದಿರಲಿಲ್ಲ. ಅವಳು ಗೋಡೆಗೆ ಒರಗಿದ್ದ ಮಣೆಯನ್ನು ಕಾಲಿನಿಂದಲೇ ಎಳೆದುಕೊಂಡು, ಗಂಡಸರು ಉಣ್ಣುವ ಮೊದಲೇ, ನನ್ನ ನೆನಪಿನಲ್ಲಿ ಅದೇ ಮೊದಲ ಸಲ, ನೆಮ್ಮದಿಯಾಗಿ ಕುಳಿತಳು.

"ಆಡ್ಕಳ್ಳಿ ಬುಡು ತಾಯಿ," ಎಂದಳು. "ನಂಗೊಂದು ಮುದ್ದೆ ಇಕ್ಕು."